ಇಂಗ್ಲೆಂಡಿನ ಹಳ್ಳಿಯ ಚರ್ಚನ್ನು ಓದುವ ಕ್ರಮ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಅಡ್ಡಾಡುವವರಿಗೆ ಒಂದು ಸಂಗತಿ ಬೇಗ ಕಣ್ಣಿಗೆ ಬೀಳುತ್ತದೆ. ಅಂಗಡಿ ಮುಚ್ಚಿರಬಹುದು, ಹಳೆಯ ಶಾಲೆ ಯಾರದೋ ವಾಸದ ಮನೆಯಾಗಿರಬಹುದು, ಬಸ್ಸು ವಾರಕ್ಕೆ ಎರಡೇ ಸಲ ಬರುತ್ತಿರಬಹುದು. ಚರ್ಚು ಮಾತ್ರ ಇದ್ದಲ್ಲೇ ಇರುತ್ತದೆ, ಮತ್ತು ಎಷ್ಟೋ ಕಡೆ ಹಗಲು ಹೊತ್ತಿನಲ್ಲಿ ಅದರ ಬಾಗಿಲಿಗೆ ಬೀಗವಿರುವುದಿಲ್ಲ. ಚರ್ಚ್ ಆಫ್ ಇಂಗ್ಲೆಂಡಿನ ಸುಪರ್ದಿಯಲ್ಲಿ ಸುಮಾರು 16,000 ಚರ್ಚುಗಳಿದ್ದು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಳ್ಳಿಗಾಡಿನಲ್ಲಿಯೇ ಇವೆ. ಕೆಲಸಕ್ಕೋ ಓದಿಗೋ ಆ ದೇಶಕ್ಕೆ ಹೋದ ನಮ್ಮವರು ಇಂಥ ಚರ್ಚಿನೊಳಗೆ ಹೋಗಿ, ಬಣ್ಣದ ಗಾಜನ್ನು ನೋಡಿ, ಒಂದು ಫೋಟೋ ತೆಗೆದುಕೊಂಡು ಐದು ನಿಮಿಷದಲ್ಲಿ ಹೊರಬರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಎಲ್ಲಿ ನಿಲ್ಲಬೇಕು, ಏನನ್ನು ನೋಡಬೇಕು, ಯಾರನ್ನು ಮಾತನಾಡಿಸಬೇಕು ಎಂಬುದು ತಿಳಿದಿದ್ದರೆ ಅದೇ ಕಟ್ಟಡ ಒಂದಿಡೀ ಊರಿನ ಸಾವಿರ ವರ್ಷಗಳ ಬಾಳನ್ನು ನಮ್ಮ ಮುಂದೆ ಬಿಚ್ಚಿಡುತ್ತದೆ. ಹಾಗೆ ನೋಡುವುದು ಹೇಗೆ ಎಂಬುದನ್ನು ತಿಳಿಸಲು ಈ ಬರಹ.

ಹೊರಡುವಾಗ ಒಂದು ಟಾರ್ಚು, ಚಾವಣಿಯ ಕೆತ್ತನೆ ನೋಡಲು ಸಣ್ಣ ದುರ್ಬೀನು, ಒಂದು ನೋಟುಪುಸ್ತಕ ಜೊತೆಗಿರಲಿ. ದಪ್ಪ ಕಲ್ಲಿನ ಗೋಡೆಗಳ ಒಳಗೆ ಬೇಸಿಗೆಯಲ್ಲೂ ಚಳಿಯಿರುವುದರಿಂದ ಸ್ವೆಟರ್ ಬೇಕಾಗುತ್ತದೆ. ಬಾಗಿಲಿಗೆ ಬೀಗವಿದ್ದರೆ ನಿರಾಶರಾಗಬೇಡಿ. ಬೀಗದ ಕೈ ಯಾರ ಮನೆಯಲ್ಲಿದೆ ಎಂಬುದನ್ನು ಮುಖಮಂಟಪದ ಸೂಚನಾ ಫಲಕದಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ, ಮತ್ತು ಹೀಗೆ ಕೈ ಕೇಳಿ ಪಡೆದ ಚರ್ಚುಗಳಲ್ಲೇ ನನಗೆ ಒಳ್ಳೆಯ ಮಾತುಕತೆ ಸಿಕ್ಕಿದೆ.

ಮೊದಲು ಕೇಳಬೇಕಾದ ಪ್ರಶ್ನೆ

ಕಮಾನಿನ ಆಕಾರ ನೋಡಿ ಶತಮಾನ ಹೇಳುವ ವಿದ್ಯೆಯನ್ನು ಆಮೇಲೆ ಕಲಿಯಬಹುದು. ಅದಕ್ಕೆ ಮೊದಲು, ಪ್ರತಿಯೊಂದು ಗೋಡೆಯ ಮುಂದೆ, ಪ್ರತಿಯೊಂದು ವಸ್ತುವಿನ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ ಇದು: ಇದರ ಹೊಣೆ ಯಾರದಾಗಿತ್ತು? ಈ ಕಟ್ಟಡಗಳನ್ನು ಇಷ್ಟು ಚೆನ್ನಾಗಿ ಬಿಡಿಸಿ ತೋರಿಸುವ ಬೇರೊಂದು ಪ್ರಶ್ನೆಯನ್ನು ನಾನು ಕಂಡಿಲ್ಲ.

ಸುಮಾರು ಹತ್ತರಿಂದ ಹನ್ನೆರಡನೆಯ ಶತಮಾನದೊಳಗೆ ಇಂಗ್ಲೆಂಡಿನ ನೆಲ ಪ್ಯಾರಿಷ್‌ಗಳಾಗಿ ಹಂಚಿಹೋಯಿತು. ಪ್ಯಾರಿಷ್ ಎಂದರೆ ಒಂದು ಚರ್ಚಿನ ಎಲ್ಲೆ; ಆ ಎಲ್ಲೆಯೊಳಗಿನ ರೈತರು ತಮ್ಮ ಕಾಳಿನಲ್ಲಿ, ಹುಲ್ಲಿನಲ್ಲಿ, ಕುರಿಮರಿಯಲ್ಲಿ, ಉಣ್ಣೆಯಲ್ಲಿ ಹತ್ತರಲ್ಲೊಂದು ಪಾಲನ್ನು, ಅಂದರೆ ದಶಮಾಂಶವನ್ನು, ಚರ್ಚಿಗೆ ಸಲ್ಲಿಸಬೇಕಾಗಿತ್ತು. ದಶಮಾಂಶವನ್ನು ಪೂರ್ತಿಯಾಗಿ ಪಡೆಯುವ ಪಾದ್ರಿಗೆ ರೆಕ್ಟರ್ ಎಂದು ಹೆಸರು. ಎಷ್ಟೋ ಊರುಗಳಲ್ಲಿ ಈ ಹಕ್ಕು ಯಾವುದೋ ಮಠದ ಕೈಸೇರಿತು. ಮಠವು ಧಾನ್ಯದ ದೊಡ್ಡ ಪಾಲನ್ನು ತಾನೇ ಇಟ್ಟುಕೊಂಡು, ಆರಾಧನೆ ನಡೆಸಲು ತನ್ನ ಪರವಾಗಿ ಒಬ್ಬ ಪಾದ್ರಿಯನ್ನು ನೇಮಿಸಿ, ಅವನ ಜೀವನಕ್ಕೆ ಸಣ್ಣ ಪಾಲನ್ನು ಬಿಟ್ಟುಕೊಡುತ್ತಿತ್ತು. ಹಾಗೆ ಬದಲಿಯಾಗಿ ನಿಂತವನೇ ವಿಕಾರ್. ಆ ಲ್ಯಾಟಿನ್ ಮಾತಿನ ಅರ್ಥವೂ ಬದಲಿಯವನು ಎಂದೇ. ಇಂದಿಗೂ ಒಂದು ಊರಿನಲ್ಲಿ ರೆಕ್ಟರ್, ಪಕ್ಕದ ಊರಿನಲ್ಲಿ ವಿಕಾರ್ ಎಂಬ ಹೆಸರು ಇರುವುದಕ್ಕೆ ಎಷ್ಟೋ ಸಲ ಎಂಟುನೂರು ವರ್ಷಗಳ ಹಿಂದಿನ ಈ ಲೆಕ್ಕಾಚಾರವೇ ಕಾರಣ.

ಕಟ್ಟಡದ ಹೊಣೆಯೂ ಎರಡು ಪಾಲಾಯಿತು. ಬಲಿಪೀಠವಿರುವ ಪೂರ್ವದ ಭಾಗ ಚಾನ್ಸೆಲ್. ಅದರ ದುರಸ್ತಿ ರೆಕ್ಟರನದು. ಜನ ಸೇರುವ ಉದ್ದನೆಯ ಭಾಗ ನೇವ್; ಅದರ ದುರಸ್ತಿ ಊರಿನವರದು. ಈ ಒಂದು ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಡವನ್ನು ದೂರದಿಂದ ನೋಡಿದರೆ, ಎತ್ತರವಾದ, ದೊಡ್ಡ ಕಿಟಕಿಗಳ ನೇವ್‌ಗೆ ಗಿಡ್ಡ ಚಾನ್ಸೆಲ್ ಅಂಟಿಕೊಂಡಿರುವುದು ಏಕೆ ಎಂಬುದು ತಾನಾಗಿ ತಿಳಿಯುತ್ತದೆ. ಊರಿನವರ ಕೈಯಲ್ಲಿ ದುಡ್ಡಿತ್ತು, ದೂರದ ರೆಕ್ಟರನಿಗೆ ಖರ್ಚು ಮಾಡುವ ಮನಸ್ಸಿರಲಿಲ್ಲ. ಸಫೋಕ್ ಪ್ರಾಂತದ ಲ್ಯಾವೆನಮ್ ಮತ್ತು ಲಾಂಗ್ ಮೆಲ್ಫರ್ಡ್ ಊರುಗಳ ಚರ್ಚುಗಳು ಊರಿಗೆ ಮೀರಿ ದೊಡ್ಡದಾಗಿ ಕಾಣುವುದು ಹದಿನೈದನೆಯ ಶತಮಾನದ ಉಣ್ಣೆಬಟ್ಟೆ ವ್ಯಾಪಾರಿಗಳ ಹಣದಿಂದ.

ಇದು ಮುಗಿದುಹೋದ ಕತೆಯೆಂದು ತಿಳಿಯಬಾರದು. 1536ರಿಂದ 1540ರೊಳಗೆ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಅವುಗಳ ಜಮೀನಿನೊಂದಿಗೆ ಚಾನ್ಸೆಲ್ ದುರಸ್ತಿಯ ಹೊಣೆಯೂ ಗೃಹಸ್ಥರ ಕೈಸೇರಿ, ಜಮೀನು ಮಾರಿದಂತೆಲ್ಲ ಹೊಸ ಮಾಲೀಕನಿಗೆ ದಾಟುತ್ತ ಬಂತು. ವಾರಿಕ್‌ಷೈರ್‌ನ ಆಸ್ಟನ್ ಕ್ಯಾಂಟ್ಲೋ ಎಂಬ ಹಳ್ಳಿಯಲ್ಲಿ ಹೊಲವೊಂದರ ಒಡೆಯರಾಗಿದ್ದ ದಂಪತಿಯಿಂದ ಊರಿನ ಚರ್ಚು ದುರಸ್ತಿಯ ಹಣ ಕೇಳಿತು. ವ್ಯಾಜ್ಯ ಆಗ ದೇಶದ ಕೊನೆಯ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ, 2003ರಲ್ಲಿ ಆ ದಂಪತಿಯೇ ಹಣ ಕೊಡಬೇಕೆಂದು ತೀರ್ಪಾಯಿತು. ಕೊನೆಗೆ ಅವರು ತೆರಬೇಕಾಗಿ ಬಂದದ್ದು ಲಕ್ಷಕ್ಕೂ ಹೆಚ್ಚು ಪೌಂಡು. ಅದಾದ ಮೇಲೆ ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವವರ ವಕೀಲರು ಈ ಹೊಣೆಯೇನಾದರೂ ಇದೆಯೇ ಎಂದು ಹುಡುಕಿಸುವುದು ವಾಡಿಕೆಯಾಯಿತು. ಅಲ್ಲಿ ಮನೆ ಕೊಂಡ ಕನ್ನಡಿಗರೂ ತಮ್ಮ ಕಾಗದಪತ್ರಗಳಲ್ಲಿ ಈ ಸಾಲನ್ನು ಕಂಡಿರಬಹುದು.

ಹೊರಗಿನ ಸುತ್ತು

ಒಳಗೆ ಹೋಗುವ ಅವಸರ ಬೇಡ. ಮೊದಲು ಕಟ್ಟಡವನ್ನು ಹೊರಗಿನಿಂದ ಪೂರ್ತಿ ಒಂದು ಸುತ್ತು ಹಾಕಬೇಕು. ಆವರಣದ ಬಾಗಿಲಿಗೆ ಸೂರು ಇದ್ದರೆ ಅದು ಲಿಚ್‌ಗೇಟ್. ಲಿಚ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಶವ. ಹೆಣ ಹೊತ್ತು ತಂದವರು ಪಾದ್ರಿ ಎದುರುಗೊಳ್ಳಲು ಬರುವವರೆಗೆ ಇಲ್ಲಿ ಇಳಿಸಿ ಕಾಯುತ್ತಿದ್ದರು. ಆವರಣದ ನೆಲ ಹೊರಗಿನ ರಸ್ತೆಗಿಂತ ಎತ್ತರದಲ್ಲಿದೆಯೇ ನೋಡಿ. ಶತಮಾನಗಳ ಕಾಲ ಅದೇ ನೆಲದಲ್ಲಿ ಮತ್ತೆ ಮತ್ತೆ ಹೂಳಿದ್ದರಿಂದ ಮಣ್ಣು ಏರಿ, ಕೆಲವು ಕಡೆ ಚರ್ಚಿನ ಗೋಡೆಯೇ ತಗ್ಗಿನಲ್ಲಿ ಕುಳಿತಂತೆ ಕಾಣುತ್ತದೆ. ಸಮಾಧಿಗಲ್ಲುಗಳಲ್ಲಿ ಹದಿನೇಳನೆಯ ಶತಮಾನಕ್ಕಿಂತ ಹಳೆಯವು ಅಪರೂಪ, ಏಕೆಂದರೆ ಅದಕ್ಕೂ ಹಿಂದಿನ ಸಾಮಾನ್ಯ ಜನರ ಗೋರಿಗಳ ಮೇಲೆ ಉಳಿಯುವಂಥ ಕಲ್ಲನ್ನು ನಿಲ್ಲಿಸುತ್ತಿರಲಿಲ್ಲ. ಹ್ಯಾಂಪ್‌ಷೈರ್‌ನ ಸೆಲ್‌ಬರ್ನ್‌ನಲ್ಲಿ ಪಕ್ಷಿಗಳನ್ನೂ ಎರೆಹುಳಗಳನ್ನೂ ಜೀವಮಾನವಿಡೀ ಗಮನಿಸಿ ಬರೆದ ಪಾದ್ರಿ ಗಿಲ್ಬರ್ಟ್ ವೈಟ್ ಅವರ ಗೋರಿಯ ಮೇಲೆ ಹೆಸರಿನ ಎರಡು ಅಕ್ಷರಗಳು ಮತ್ತು 1793ರ ಜೂನ್ 26 ಎಂಬ ದಿನಾಂಕ ಮಾತ್ರ ಇವೆ. ಅದೇ ಆವರಣದ ಪುರಾತನ ಯೂ ಮರ 1990ರ ಜನವರಿಯ ಬಿರುಗಾಳಿಗೆ ಉರುಳಿತು. ಇಂಗ್ಲೆಂಡಿನ ಚರ್ಚಿನಂಗಳದಲ್ಲಿ ಯೂ ಮರ ಎಷ್ಟು ಸಾಮಾನ್ಯವೆಂದರೆ ಅದಿಲ್ಲದ ಕಡೆಯೇ ಏನೋ ಕೊರತೆಯಾದಂತೆ ಕಾಣುತ್ತದೆ, ಮತ್ತು ಕೆಲವು ಮರಗಳು ಪಕ್ಕದ ಚರ್ಚಿಗಿಂತ ಹಳೆಯವು.

ಸಮಾಧಿಗಲ್ಲಿನ ಅಕ್ಷರ ಕಾಣಿಸದಿದ್ದರೆ ಪಾಚಿಯನ್ನು ಕೆರೆಯಬಾರದು, ಸೀಮೆಸುಣ್ಣ ಬಳಿಯಬಾರದು. ಹೂವಿನಂತೆ ಅರಳಿದ ಆ ಬಿಳಿ, ಹಳದಿ ಕಲ್ಲುಹೂವುಗಳೂ ಎಷ್ಟೋ ವರ್ಷ ಬೆಳೆದ ಜೀವಿಗಳು. ಟಾರ್ಚನ್ನು ಕಲ್ಲಿನ ಒಂದು ಬದಿಯಿಂದ ಓರೆಯಾಗಿ ಹಿಡಿದರೆ ಸಾಕು, ಸವೆದ ಅಕ್ಷರಗಳು ನೆರಳಿನಲ್ಲಿ ಎದ್ದು ಕಾಣುತ್ತವೆ.

ಗೋಡೆಗಳ ವಿಷಯಕ್ಕೆ ಬಂದರೆ, ಮೂಲೆಗಲ್ಲುಗಳು ಒಂದು ಉದ್ದಕ್ಕೆ ಒಂದು ಅಡ್ಡಕ್ಕೆ ಇದ್ದರೆ, ಕಿಟಕಿಯ ತಲೆ ತ್ರಿಕೋನವಾಗಿದ್ದರೆ 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವುದಕ್ಕೂ ಹಿಂದಿನ ಸ್ಯಾಕ್ಸನ್ ಕೆಲಸವಿರಬಹುದು. ದುಂಡು ಕಮಾನು, ಅದರ ಸುತ್ತ ಗರಗಸದ ಹಲ್ಲಿನಂಥ ಕೆತ್ತನೆ ಇದ್ದರೆ ನಾರ್ಮನ್ನರದು. ಕಿರಿದಾದ ಚೂಪು ಕಿಟಕಿಗಳು ಹದಿಮೂರನೆಯ ಶತಮಾನವನ್ನೂ, ಕಲ್ಲಿನ ಬಳ್ಳಿಗಳಂತೆ ಬಳುಕುವ ಜಾಲಂಧ್ರಗಳು ಹದಿನಾಲ್ಕನೆಯದರ ಮೊದಲ ಭಾಗವನ್ನೂ, ನೆಟ್ಟಗೆ ಮೇಲೇರುವ ಕಂಬಿಗಳ ಅಗಲ ಕಿಟಕಿಗಳು ಆ ಮುಂದಿನ ಇನ್ನೂರು ವರ್ಷಗಳನ್ನೂ ಸೂಚಿಸುತ್ತವೆ. ಆದರೆ ಇದನ್ನು ಕಣ್ಣು ಮುಚ್ಚಿ ನಂಬಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಎಷ್ಟೋ ಚರ್ಚುಗಳನ್ನು ಜೀರ್ಣೋದ್ಧಾರದ ಹೆಸರಿನಲ್ಲಿ ಕೆರೆದು, ಕೆಡವಿ, ಹಳೆಯ ಮಾದರಿಯಲ್ಲೇ ಹೊಸದಾಗಿ ಕಟ್ಟಿದರು. ಇದನ್ನು ಕಂಡು ನೊಂದೇ ಕವಿ, ವಿನ್ಯಾಸಕಾರ ವಿಲಿಯಂ ಮೋರಿಸ್ 1877ರಲ್ಲಿ ಪುರಾತನ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ್ದು. ಕಲ್ಲಿನ ಅಂಚುಗಳು ತೀರ ಚೂಪಾಗಿ, ಎಲ್ಲವೂ ಒಂದೇ ಸಮನಾಗಿದ್ದರೆ ಅನುಮಾನಿಸಿ.

ದಕ್ಷಿಣದ ಗೋಡೆಯಲ್ಲಿ, ಬಾಗಿಲ ಬಳಿ, ಅಂಗೈಯಗಲದ ಒಂದು ಅರ್ಧವೃತ್ತವನ್ನು ಹುಡುಕಿ. ನಡುವೆ ಕಡ್ಡಿ ಸಿಕ್ಕಿಸುವ ಒಂದು ತೂತು, ಅದರಿಂದ ಕೆಳಕ್ಕೆ ಹರಡಿದ ಗೀರುಗಳು: ಇದು ಆರಾಧನೆಯ ಹೊತ್ತು ತಿಳಿಯಲು ಮಧ್ಯಯುಗದವರು ಗೀರಿದ ಬಿಸಿಲ ಗಡಿಯಾರ. ಅದರ ತೂತಿಗೆ ಹುಲ್ಲುಕಡ್ಡಿ ಇಟ್ಟು ನೆರಳು ಯಾವ ಗೀರಿನ ಮೇಲೆ ಬೀಳುತ್ತದೆಂದು ನೋಡುವುದು ಯಾವ ಮಕ್ಕಳಿಗೂ ಇಷ್ಟವಾಗುವ ಕೆಲಸ.

ಒಳಗೆ ಕಾಲಿಟ್ಟ ಮೇಲೆ

ಮುಖಮಂಟಪ ಸಾಮಾನ್ಯವಾಗಿ ದಕ್ಷಿಣಕ್ಕಿರುತ್ತದೆ. ಮಧ್ಯಯುಗದಲ್ಲಿ ಮದುವೆಯ ಮಾತುಕೊಡುವ ಶಾಸ್ತ್ರ ನಡೆಯುತ್ತಿದ್ದದ್ದು ಈ ಹೊಸ್ತಿಲ ಬಳಿ. ಒಳಹೊಕ್ಕ ತಕ್ಷಣ ಬಾಗಿಲ ಹತ್ತಿರವೇ ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ ಸಿಗುತ್ತದೆ. ಚರ್ಚಿನ ಬಳಗಕ್ಕೆ ಸೇರುವ ಬಾಗಿಲೇ ದೀಕ್ಷಾಸ್ನಾನವಾದ್ದರಿಂದ ಅದು ಅಲ್ಲಿದೆ. ಎಷ್ಟೋ ಕಡೆ ಕಟ್ಟಡದಲ್ಲಿ ಉಳಿದಿರುವ ಅತ್ಯಂತ ಹಳೆಯ ವಸ್ತು ಇದೇ. ತೊಟ್ಟಿಯ ಅಂಚಿನಲ್ಲಿ ಎದುರುಬದುರಾಗಿ ಎರಡು ಕಡೆ ಕಲ್ಲು ಒಡೆದು ತೇಪೆ ಹಾಕಿದ್ದರೆ, ಅದು ಹಳೆಯ ಚಿಲಕಗಳನ್ನು ಕಿತ್ತ ಗಾಯ. ಮಂತ್ರಿಸಿದ ನೀರನ್ನು ಜನ ಮಾಟಕ್ಕೆ ಕದ್ದೊಯ್ಯುತ್ತಾರೆಂದು 1236ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ತೊಟ್ಟಿಗಳಿಗೆ ಮುಚ್ಚಳ ಹಾಕಿ ಬೀಗ ಜಡಿಯುವಂತೆ ಆಜ್ಞೆ ಮಾಡಿದ್ದರು. ಆ ಗಾಯವನ್ನು ಬೆರಳಿನಿಂದ ಮುಟ್ಟಿ ನೋಡಿ.

ಇನ್ನು ಗೋಡೆಗಳು. ಇಂದು ಸುಣ್ಣ ಬಳಿದು ಬೆಳ್ಳಗಿರುವ ಗೋಡೆಗಳಲ್ಲಿ ಒಂದು ಕಾಲಕ್ಕೆ ಸಂತರ, ಅಂತ್ಯತೀರ್ಪಿನ, ನರಕದ ಚಿತ್ರಗಳಿದ್ದವು. 1547ರ ಬಳಿಕ ಆರನೆಯ ಎಡ್ವರ್ಡನ ಆಳಿಕೆಯಲ್ಲಿ, ಚಿತ್ರಗಳನ್ನು ವಿಗ್ರಹಾರಾಧನೆಯೆಂದು ಬಗೆದ ಪ್ರಾಟೆಸ್ಟೆಂಟ್ ಸುಧಾರಕರ ಕಾಲಕ್ಕೆ, ಅವುಗಳ ಮೇಲೆ ಸುಣ್ಣ ಬಿತ್ತು. ನೇವ್ ಮತ್ತು ಚಾನ್ಸೆಲ್‌ನ ನಡುವೆ ಶಿಲುಬೆಯನ್ನು ಹೊತ್ತ ಮರದ ಅಟ್ಟವಿತ್ತು. ಅದನ್ನು ತೆಗೆದುಹಾಕಿದ ಮೇಲೆ ಅಲ್ಲಿಗೆ ಹತ್ತುವ ಕಲ್ಲಿನ ಮೆಟ್ಟಿಲುಗಳು ಮಾತ್ರ ಗೋಡೆಯೊಳಗೆ ಉಳಿದು, ಈಗ ಎಲ್ಲಿಗೂ ತಲುಪದೆ ಶೂನ್ಯದಲ್ಲಿ ತೆರೆಯುತ್ತವೆ. 1643-44ರಲ್ಲಿ ವಿಲಿಯಂ ಡೌಸಿಂಗ್ ಎಂಬಾತ ಸಂಸತ್ತಿನ ಆದೇಶದ ಮೇರೆಗೆ ಸಫೋಕ್ ಮತ್ತು ಕೇಂಬ್ರಿಜ್‌ಷೈರ್‌ಗಳ ಚರ್ಚು ಚರ್ಚಿಗೆ ಹೋಗಿ ಚಿತ್ರಗಳನ್ನೂ ಗಾಜನ್ನೂ ಒಡೆಸಿ, ಎಲ್ಲಿ ಎಷ್ಟು ಒಡೆಸಿದೆನೆಂದು ದಿನಚರಿಯಲ್ಲಿ ಬರೆದಿಟ್ಟ. 1660ರಲ್ಲಿ ಅರಸೊತ್ತಿಗೆ ಮರಳಿದ ಬಳಿಕ ರಾಜಲಾಂಛನದ ದೊಡ್ಡ ಹಲಗೆಗಳು ಎಲ್ಲೆಡೆ ಏರಿದವು. ಹೀಗೆ ಒಂದೇ ಗೋಡೆ ಅರಸ, ಸಂಸತ್ತು, ಬಿಷಪ್ ಮೂವರ ಆಜ್ಞೆಗಳನ್ನೂ ಸರದಿಯಂತೆ ಹೊತ್ತಿದೆ, ಮತ್ತು ಪ್ರತಿ ಸಲವೂ ಸುಣ್ಣದ ಖರ್ಚನ್ನು ಕೊಟ್ಟವರು ಊರಿನವರೇ.

ಬಾಗಿಲ ಬಳಿ ಪಾದ್ರಿಗಳ ಹೆಸರಿನ ಪಟ್ಟಿ ತೂಗುಹಾಕಿರುತ್ತದೆ. ಅದನ್ನು ಬಿಟ್ಟು ಮುಂದೆ ಹೋಗಬಾರದು. 1349ನೆಯ ಇಸವಿಗೆ ಬಂದು ನಿಲ್ಲಿ. ಒಂದೇ ವರ್ಷದಲ್ಲಿ ಎರಡು ಹೆಸರುಗಳಿದ್ದರೆ, ಮೂರಿದ್ದರೆ, ಕಾರಣವನ್ನು ಯಾರೂ ಹೇಳಬೇಕಾಗಿಲ್ಲ: 1348ರಲ್ಲಿ ಇಂಗ್ಲೆಂಡಿಗೆ ಬಂದಿಳಿದ ಮಹಾಮಾರಿ ಸಾಯುತ್ತಿರುವವರ ಹಾಸಿಗೆಯ ಬಳಿ ಹೋಗಬೇಕಾದ ಪಾದ್ರಿಗಳನ್ನೇ ಮೊದಲು ಹಿಡಿಯಿತು.

ಈ ಮಹಾಮಾರಿಯ ನೇರ ಸಾಕ್ಷಿಯೊಂದನ್ನು ನೋಡಬೇಕೆಂದರೆ ಹರ್ಟ್‌ಫರ್ಡ್‌ಷೈರ್‌ನ ಆಶ್‌ವೆಲ್ ಎಂಬ ಹಳ್ಳಿಗೆ ಹೋಗಬೇಕು. ಅಲ್ಲಿನ ಸೇಂಟ್ ಮೇರಿ ಚರ್ಚಿನ ಗೋಪುರ ಸುಮಾರು 54 ಮೀಟರ್ ಎತ್ತರವಿದ್ದು, ಸೀಮೆಸುಣ್ಣದಂಥ ಮೆತ್ತನೆಯ ಸ್ಥಳೀಯ ಕಲ್ಲಿನಿಂದ ಕಟ್ಟಿದ್ದರಿಂದ ಯಾರು ಬೇಕಾದರೂ ಮೊಳೆಯಿಂದ ಗೀರಬಹುದಾಗಿತ್ತು; ಗೀರಿದ್ದಾರೆ ಕೂಡ. ಗೋಪುರದ ಒಳಗೋಡೆಯಲ್ಲಿ ಲ್ಯಾಟಿನಿನಲ್ಲಿ ಕೆಲವೇ ಸಾಲುಗಳಿವೆ. 1350ರ ಹೊತ್ತಿಗೆ ಸಾಕ್ಷಿ ಹೇಳಲು ಉಳಿದದ್ದು ದಿಕ್ಕೆಟ್ಟ, ಹುಚ್ಚೆದ್ದ ಜನರ ಗಸಿ ಮಾತ್ರ ಎಂದು ಅದು ಹೇಳುತ್ತದೆ, ಮತ್ತು 1361ರಲ್ಲಿ ಸಂತ ಮೌರಸ್‌ನ ದಿನ ಬೀಸಿದ ಭಾರಿ ಗಾಳಿಯನ್ನೂ ದಾಖಲಿಸುತ್ತದೆ. ಮಂದ ಬೆಳಕಿನಲ್ಲಿ ಆ ಗೀರುಗಳ ಮೇಲೆ ಟಾರ್ಚು ಓರೆಯಾಗಿ ಬಿದ್ದಾಗ, ಅಕ್ಷರಗಳು ಒಂದು ಕಡೆ ಆಳವಾಗಿ ಒಂದು ಕಡೆ ತೇಲಿಹೋಗಿರುವುದು ಕಾಣುತ್ತದೆ. ಅದನ್ನು ಬರೆದ ಕೈಗೆ ಅವಸರವಿತ್ತೋ ನಡುಕವಿತ್ತೋ ಎಂದು ಯೋಚಿಸುತ್ತ ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಇಲ್ಲಿ ಒಂದು ಪಾಠವೂ ಇದೆ. ಸಂತ ಮೌರಸ್‌ನ ದಿನ ಜನವರಿ 15. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತಾದ್ದರಿಂದ ಅವರು 1361 ಎಂದ ಜನವರಿ ನಮ್ಮ ಲೆಕ್ಕದಲ್ಲಿ 1362ರದು. ಈ ಪದ್ಧತಿ ಬದಲಾದದ್ದು 1752ರಲ್ಲಿ. ಅದಕ್ಕಿಂತ ಹಿಂದಿನ ಜನವರಿ, ಫೆಬ್ರವರಿ ಅಥವಾ ಮಾರ್ಚ್ ಮೊದಲ ಭಾಗದ ದಿನಾಂಕವನ್ನು ಬರೆದುಕೊಳ್ಳುವಾಗ ಎರಡೂ ವರ್ಷಗಳನ್ನು ಜೊತೆಗೆ, 1665/6 ಎಂಬಂತೆ, ಬರೆಯುವುದನ್ನು ರೂಢಿಸಿಕೊಳ್ಳಿ. ಇಲ್ಲದಿದ್ದರೆ ಮಗು ಹುಟ್ಟುವ ಮೊದಲೇ ಸತ್ತಂತೆ ಲೆಕ್ಕ ಬರುತ್ತದೆ.

ಸ್ಮಾರಕಗಳನ್ನು ನೋಡುವಾಗ ನಮ್ಮವರ ಕಣ್ಣು ಇನ್ನಷ್ಟು ಎಚ್ಚರವಾಗಿರಬೇಕು. ಕೆಂಟ್ ಪ್ರಾಂತದ ತ್ರೌಲಿ ಎಂಬ ಸಣ್ಣ ಊರಿನ ಚರ್ಚಿನಲ್ಲಿ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯನ್ನು ಹಿಡಿದ ಸೇನೆಯ ದಂಡನಾಯಕ ಜಾರ್ಜ್ ಹ್ಯಾರಿಸ್‌ನ ಸ್ಮಾರಕವಿದೆ. 1815ರಲ್ಲಿ ಆತ ಪಡೆದ ಬ್ಯಾರನ್ ಪದವಿಯಲ್ಲೇ ಶ್ರೀರಂಗಪಟ್ಟಣ ಮತ್ತು ಮೈಸೂರಿನ ಹೆಸರುಗಳು ಸೇರಿವೆ. ಟಿಪ್ಪು ಬಿದ್ದ ನೆಲವನ್ನು ನೋಡಿ ಬೆಳೆದವರಿಗೆ ಕೆಂಟ್‌ನ ಹೊಲಗಳ ನಡುವೆ ಆ ಊರಿನ ಹೆಸರು ಎದುರಾಗುವುದು ಸುಲಭದ ಅನುಭವವಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟ ಮಾರ್ಕ್ ಕಬ್ಬನ್ ಕೂಡ ಪ್ಯಾರಿಷ್ ಪಾದ್ರಿಯೊಬ್ಬರ ಮಗ. ಅವರ ತಂದೆ ಮಾಗಲ್ಡ್ ಎಂಬ ಊರಿನ ವಿಕಾರ್ ಆಗಿದ್ದರು. ಅದು ಇಂಗ್ಲೆಂಡಿಗೆ ಸೇರದ ಐಲ್ ಆಫ್ ಮ್ಯಾನ್ ದ್ವೀಪದಲ್ಲಿದ್ದರೂ ಚರ್ಚ್ ಆಫ್ ಇಂಗ್ಲೆಂಡಿನ ವ್ಯಾಪ್ತಿಯದೇ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದು, ಊರಿಗೆ ಮರಳುವ ದಾರಿಯಲ್ಲಿ ಸುಯೆಜ್‌ನಲ್ಲಿ ತೀರಿಕೊಂಡ ಅವರನ್ನು ಮಾಗಲ್ಡ್‌ನಲ್ಲಿಯೇ ಹೂಳಲಾಯಿತು.

ರಿಜಿಸ್ಟರುಗಳನ್ನು ಹುಡುಕುವುದು

ಕಟ್ಟಡದಲ್ಲಿ ಕಂಡದ್ದನ್ನು ಕಾಗದದೊಂದಿಗೆ ಹೋಲಿಸದಿದ್ದರೆ ಓದು ಅರ್ಧಕ್ಕೇ ನಿಲ್ಲುತ್ತದೆ. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಪ್ಯಾರಿಷ್‌ನಲ್ಲೂ ದೀಕ್ಷಾಸ್ನಾನ, ಮದುವೆ, ಹೂಳುವಿಕೆಗಳನ್ನು ಬರೆದಿಡಬೇಕೆಂದು ಆಜ್ಞೆ ಹೊರಡಿಸಿದರು. ಒಬ್ಬ ಕೂಲಿಯವನ ಹೆಸರನ್ನೂ ಒಬ್ಬ ಜಮೀನ್ದಾರನ ಹೆಸರನ್ನೂ ಒಂದೇ ಶಾಯಿಯಲ್ಲಿ, ಒಂದರ ಕೆಳಗೊಂದು ಬರೆಯುವ ಪದ್ಧತಿ ಶುರುವಾದದ್ದು ಹಾಗೆ. ಪುಸ್ತಕಗಳನ್ನು ಇಡುತ್ತಿದ್ದ ಮರದ ಪೆಟ್ಟಿಗೆ ಇನ್ನೂ ಚರ್ಚಿನಲ್ಲೇ ಇದ್ದರೆ ಅದರ ಬೀಗಗಳನ್ನು ಎಣಿಸಿ. ಮೂರಿದ್ದರೆ ಒಂದು ಬೀಗದ ಕೈ ಪಾದ್ರಿಯ ಬಳಿ, ಉಳಿದೆರಡು ಊರಿನವರ ಪರವಾಗಿ ಚರ್ಚನ್ನು ನೋಡಿಕೊಳ್ಳುವ ಇಬ್ಬರು ಚರ್ಚ್‌ವಾರ್ಡನ್‌ಗಳ ಬಳಿ ಇರುತ್ತಿದ್ದವು, ಮೂವರೂ ಕೂಡದೆ ಪೆಟ್ಟಿಗೆ ತೆರೆಯುವಂತಿರಲಿಲ್ಲ.

ಹಳೆಯ ರಿಜಿಸ್ಟರುಗಳು ಈಗ ಬಹುಪಾಲು ಕೌಂಟಿ ದಾಖಲೆ ಕಚೇರಿಗಳಲ್ಲಿವೆ, ಏಕೆಂದರೆ ನೂರು ವರ್ಷ ದಾಟಿದ ಪುಸ್ತಕಗಳನ್ನು ಅಲ್ಲಿಗೆ ಒಪ್ಪಿಸಬೇಕೆಂದು 1978ರಲ್ಲಿ ಕಾನೂನಾಯಿತು. ಸ್ಕ್ಯಾನ್ ಮಾಡಿದ ಪ್ರತಿಗಳು ಕಂಪ್ಯೂಟರಿನಲ್ಲೂ ಸಿಗುತ್ತವೆ. ಒಂದು ಪುಟ ಕಳೆದುಹೋಗಿದ್ದರೆ ಬಿಷಪ್‌ಗೆ ಪ್ರತಿವರ್ಷ ಕಳಿಸುತ್ತಿದ್ದ ನಕಲನ್ನು ಕೇಳಿ. 1598ರಿಂದ ಅದು ಕಡ್ಡಾಯವಾಗಿತ್ತು. 1653ರಿಂದ 1660ರ ನಡುವೆ ದಾಖಲೆ ಹರಿದುಹೋದಂತಿದ್ದರೆ ಗಾಬರಿಯಾಗಬೇಡಿ, ಆಗ ರಿಜಿಸ್ಟರಿನ ಕೆಲಸ ಪಾದ್ರಿಗಳ ಕೈತಪ್ಪಿತ್ತು. 1754ರ ನಂತರದ ಮದುವೆಯ ಪುಸ್ತಕದಲ್ಲಿ ವಧೂವರರ ಸಹಿ ಇರುತ್ತದೆ, ಬರಹ ಬಾರದವರು ಹಾಕಿದ ಅಡ್ಡಗೀಟಿನ ಗುರುತೂ ಇರುತ್ತದೆ. ಹೂಳುವಿಕೆಯ ಪುಟಗಳಲ್ಲಿ ಉಣ್ಣೆಯ ಮಾತು ಬಂದರೆ ಆಶ್ಚರ್ಯಪಡಬೇಕಿಲ್ಲ. ಉಣ್ಣೆಯ ವ್ಯಾಪಾರವನ್ನು ಉಳಿಸಲೆಂದು ಶವಕ್ಕೆ ಉಣ್ಣೆಬಟ್ಟೆಯನ್ನೇ ಹೊದಿಸಬೇಕೆಂಬ ಕಾನೂನಿತ್ತು, ಹಾಗೆ ಹೊದಿಸಿದ್ದೇವೆಂದು ಪ್ರಮಾಣಪತ್ರ ತರಬೇಕಾಗಿತ್ತು.

ಡರ್ಬಿಷೈರ್‌ನ ಈಮ್ ಎಂಬ ಹಳ್ಳಿಯಲ್ಲಿ ಈ ರೀತಿ ಕಾಗದ ಮತ್ತು ನೆಲ ಎರಡನ್ನೂ ಜೊತೆಗಿಟ್ಟು ಓದಿದರೆ ಏನಾಗುತ್ತದೆಂದು ತಿಳಿಯುತ್ತದೆ. 1665ರ ಸೆಪ್ಟೆಂಬರಿನಲ್ಲಿ ದರ್ಜಿಯ ಮನೆಯಲ್ಲಿ ಕೆಲಸಕ್ಕಿದ್ದ ಜಾರ್ಜ್ ವಿಕರ್ಸ್ ಸತ್ತ. ಲಂಡನ್ನಿನಿಂದ ಬಂದ ಬಟ್ಟೆಯ ಗಂಟಿನೊಂದಿಗೆ ಪ್ಲೇಗು ಊರು ಹೊಕ್ಕಿತೆಂದು ಹೇಳುತ್ತಾರೆ. ಮರುವರ್ಷ ಬೇಸಿಗೆಯಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಅವರಿಗಿಂತ ಮುಂಚೆ ಅಲ್ಲಿದ್ದು, ಹೊಸ ಪ್ರಾರ್ಥನಾ ಕ್ರಮವನ್ನು ಒಪ್ಪದೆ ಪದವಿ ಕಳೆದುಕೊಂಡಿದ್ದ ಥಾಮಸ್ ಸ್ಟ್ಯಾನ್ಲಿ ತಮ್ಮ ಭೇದವನ್ನು ಬದಿಗಿಟ್ಟು ಊರಿನವರ ಮನವೊಲಿಸಿದರು: ಯಾರೂ ಊರ ಗಡಿ ದಾಟಬಾರದು, ಸೋಂಕು ಪಕ್ಕದ ಊರುಗಳಿಗೆ ಹೋಗಬಾರದು. ಗಡಿಯ ಕಲ್ಲಿನ ಗುಳಿಗಳಲ್ಲಿ ವಿನೆಗರ್ ತುಂಬಿ, ಅದರಲ್ಲಿ ನಾಣ್ಯವಿಟ್ಟು, ಹೊರಗಿನವರು ತಂದಿಟ್ಟ ಆಹಾರವನ್ನು ಒಯ್ಯುತ್ತಿದ್ದರು. ಆರಾಧನೆ ಚರ್ಚನ್ನು ಬಿಟ್ಟು ಬಯಲ ಕಣಿವೆಯಲ್ಲಿ ನಡೆಯಿತು. ಸುಮಾರು 260 ಮಂದಿ ಸತ್ತರು. ಪಾದ್ರಿಯ ಹೆಂಡತಿ ಕ್ಯಾಥರಿನ್ 1666ರ ಆಗಸ್ಟಿನಲ್ಲಿ ತೀರಿಕೊಂಡರು. ಅವರ ಸಮಾಧಿ ಚರ್ಚಿನಂಗಳದಲ್ಲಿದೆ. ಉಳಿದವರಲ್ಲಿ ಎಷ್ಟೋ ಜನರನ್ನು ಅವರವರ ಹೊಲ ಹಿತ್ತಿಲಲ್ಲೇ ಮನೆಯವರು ಹೂಳಿದರು. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಎಂಟು ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಮಣ್ಣು ಮಾಡಿದ ಜಾಗ ಊರ ಹೊರಗಿನ ಹುಲ್ಲುಗಾವಲಿನಲ್ಲಿ ಕಲ್ಲಿನ ಆವರಣದೊಳಗೆ ಇಂದಿಗೂ ಇದೆ. ರಿಜಿಸ್ಟರಿನ ಹೆಸರುಗಳನ್ನು ಬರೆದುಕೊಂಡು ಹೋಗಿ ಅಲ್ಲಿ ನಿಲ್ಲಬೇಕು. ಪ್ರತಿವರ್ಷ ಆಗಸ್ಟಿನ ಕೊನೆಯ ಭಾನುವಾರ ಊರಿನವರು ಅದೇ ಬಯಲಿಗೆ ಮೆರವಣಿಗೆಯಲ್ಲಿ ಹೋಗಿ ಪ್ರಾರ್ಥನೆ ಮಾಡುತ್ತಾರೆ.

ಚರ್ಚಿನ ಕಾಗದಗಳಲ್ಲಿ ಧರ್ಮದ ವಿಷಯ ಮಾತ್ರ ಇರುತ್ತದೆಂದು ತಿಳಿದವರು ವೆಸ್ಟ್ರಿಯ ಲೆಕ್ಕಪುಸ್ತಕಗಳನ್ನು ನೋಡಬೇಕು. ವೆಸ್ಟ್ರಿ ಎಂದರೆ ಪಾದ್ರಿಯ ಉಡುಪಿನ ಕೋಣೆ. ಅಲ್ಲಿ ಸೇರುತ್ತಿದ್ದ ಊರಿನ ಸಭೆಗೂ ಅದೇ ಹೆಸರಾಯಿತು. 1555ರಿಂದ ಊರ ರಸ್ತೆಯ ದುರಸ್ತಿ, 1601ರಿಂದ ಬಡವರ ಪೋಷಣೆ ಪ್ಯಾರಿಷ್‌ನ ಪಾಲಿಗೆ ಬಂದವು. ವಿಧವೆಗೆ ಕೊಟ್ಟ ಬೂಟು, ರೋಗಿಗೆ ಕೊಟ್ಟ ಕಲ್ಲಿದ್ದಲು, ಪೀಡೆಯೆಂದು ಎಣಿಸಿದ್ದ ಮುಳ್ಳಿಲಿಯನ್ನು (ಹೆಡ್ಜ್‌ಹಾಗ್) ಹಿಡಿದವನಿಗೆ ಕೊಟ್ಟ ಕಾಸು, ಎಲ್ಲವೂ ಅಲ್ಲಿ ಬರೆದಿದೆ. ಅದೇ ಪುಸ್ತಕಗಳಲ್ಲಿ ಕಠೋರತೆಯೂ ಇದೆ: ಬೇರೆ ಪ್ಯಾರಿಷ್‌ನ ಬಸುರಿಯನ್ನು, ಮಗು ತಮ್ಮ ಎಲ್ಲೆಯಲ್ಲಿ ಹುಟ್ಟಿದರೆ ಖರ್ಚು ತಮ್ಮ ಮೇಲೆ ಬೀಳುವುದೆಂದು ಗಡಿ ದಾಟಿಸಿದ ಲೆಕ್ಕವನ್ನು ಓದಿದಾಗ ಹೊಟ್ಟೆ ಕಿವುಚುತ್ತದೆ. ಈ ಆಡಳಿತದ ಕೆಲಸಗಳು ಚರ್ಚಿನಿಂದ ಪೂರ್ತಿ ಬೇರೆಯಾಗಿ ಚುನಾಯಿತ ಪ್ಯಾರಿಷ್ ಕೌನ್ಸಿಲ್‌ಗಳಿಗೆ ಹೋದದ್ದು 1894ರಲ್ಲಿ.

ಈಗ ಅಲ್ಲಿರುವವರ ಜೊತೆ

ಸಾಧ್ಯವಿದ್ದರೆ ಶನಿವಾರ ಬೆಳಿಗ್ಗೆ ಒಮ್ಮೆ, ಭಾನುವಾರ ಒಮ್ಮೆ ಹೋಗಬೇಕು. ಶನಿವಾರ ಹೂ ಜೋಡಿಸುವವರು, ಹಿತ್ತಾಳೆ ಬೆಳಗುವವರು, ನೆಲ ಗುಡಿಸುವವರು ಸರದಿಯ ಪ್ರಕಾರ ಬರುತ್ತಾರೆ. ಯಾವ ವಾರ ಯಾರು ಎಂಬ ಪಟ್ಟಿ ಬಾಗಿಲ ಹಿಂದೆ ಅಂಟಿಸಿರುತ್ತದೆ. ಒಂದು ಚರ್ಚಿನಲ್ಲಿ ಹಾಗೆ ಹೂ ಜೋಡಿಸುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ಕರೆದು, ಮಂಡಿಯೂರಲು ಬಳಸುವ ಕಸೂತಿಯ ದಿಂಬೊಂದನ್ನು ಕೈಗಿಟ್ಟು, ತಿರುಗಿಸಿ ನೋಡಿ ಎಂದರು. ಮುಂಭಾಗದಲ್ಲಿ ಗೋಧಿಯ ತೆನೆ. ಹಿಂಭಾಗದ ಮೂಲೆಯಲ್ಲಿ ನೂಲಿನಲ್ಲೇ ಹೊಲಿದ ಎರಡು ಅಕ್ಷರ, ಒಂದು ಇಸವಿ. ಹೊಲಿದದ್ದು ಅವರ ತಾಯಿ. ಬೆಂಚುಗಳ ಕೆಳಗೆ ಅಂಥ ದಿಂಬುಗಳು ಅರವತ್ತಕ್ಕೂ ಹೆಚ್ಚಿದ್ದವು, ಅವುಗಳಲ್ಲಿ ಯಾವುದು ಯಾವ ಮನೆಯ ಹೆಂಗಸಿನ ಕೈಕೆಲಸವೆಂದು ಅವರಿಗೆ ಬಾಯಿಪಾಠವಾಗಿತ್ತು. ಯಾವ ಮಾರ್ಗದರ್ಶಿ ಪುಸ್ತಕದಲ್ಲೂ ಆ ಪಟ್ಟಿ ಇರಲಿಲ್ಲ. ಅನುಮತಿ ಕೇಳಿ ನಾನು ಬರೆದುಕೊಂಡೆ. ನೀವೂ ಹಾಗೆಯೇ ಮಾಡಿ, ಬರೆದುಕೊಂಡದ್ದರ ಒಂದು ಪ್ರತಿಯನ್ನು ಚರ್ಚ್‌ವಾರ್ಡನ್‌ಗೆ ತಪ್ಪದೆ ಕೊಡಿ.

ಭಾನುವಾರದ ಆರಾಧನೆಗೆ ಹೋಗಲು ಕ್ರೈಸ್ತರೇ ಆಗಿರಬೇಕೆಂದಿಲ್ಲ. ಇಂದು ಒಬ್ಬರೇ ಪಾದ್ರಿ ಐದಾರು ಹಳ್ಳಿಗಳನ್ನು ನೋಡಿಕೊಳ್ಳುವುದು ಸಾಮಾನ್ಯವಾದ್ದರಿಂದ ಪ್ರತಿ ವಾರ ಪ್ರತಿ ಚರ್ಚಿನಲ್ಲಿ ಆರಾಧನೆ ಇರುವುದಿಲ್ಲ; ಫಲಕದಲ್ಲಿ ನೋಡಿಕೊಂಡು ಹೋಗಬೇಕು. ಹಿಂದಿನ ಸಾಲಿನಲ್ಲಿ ಕುಳಿತು, ಎಲ್ಲರೂ ಎದ್ದಾಗ ಏಳುವುದು, ಕುಳಿತಾಗ ಕೂರುವುದು ಸಾಕು. ರೊಟ್ಟಿ ಮತ್ತು ದ್ರಾಕ್ಷಾರಸದ ಪಂಕ್ತಿಗೆ ಹೋಗದೆ ಜಾಗದಲ್ಲೇ ಕುಳಿತರೆ ಯಾರೂ ತಪ್ಪು ತಿಳಿಯುವುದಿಲ್ಲ. ಮುಗಿದ ಮೇಲೆ ಚಹಾ, ಕಾಫಿ ಕೊಡುತ್ತಾರೆ; ಆಗ ಎದ್ದು ಹೋಗಬಾರದು, ಊರಿನ ಕತೆಗಳೆಲ್ಲ ಹೊರಬರುವುದು ಆ ಅರ್ಧ ಗಂಟೆಯಲ್ಲಿ. ಸುಗ್ಗಿಯ ಕೃತಜ್ಞತೆಯ ಆರಾಧನೆಗೆ ಹೋಗಲು ಸಾಧ್ಯವಾದರೆ ಅದನ್ನು ಬಿಡಬೇಡಿ. ಕಾರ್ನ್‌ವಾಲ್‌ನ ಮಾರ್ವೆನ್‌ಸ್ಟೋ ಎಂಬ ಊರಿನ ಪಾದ್ರಿ ರಾಬರ್ಟ್ ಹಾಕರ್ 1843ರಲ್ಲಿ ಅದಕ್ಕೆ ಈಗಿನ ರೂಪ ಕೊಟ್ಟರೆಂದು ಪ್ರತೀತಿ. ಕಿಟಕಿಯ ಅಂಚುಗಳ ಮೇಲೆಲ್ಲ ಕುಂಬಳಕಾಯಿ, ಸೇಬು, ರೊಟ್ಟಿ ಇಟ್ಟಿರುತ್ತಾರೆ, ಈಚೆಗೆ ಡಬ್ಬಿಯ ಆಹಾರವನ್ನೂ ಇಡುತ್ತಾರೆ, ಮರುದಿನ ಅದು ಬಡವರಿಗೆ ಆಹಾರ ಹಂಚುವ ಕೇಂದ್ರಕ್ಕೆ ಹೋಗುತ್ತದೆ.

ಗಂಟೆ ಬಾರಿಸುವ ತಾಲೀಮು ವಾರದ ನಡುವೆ ಒಂದು ಸಂಜೆ ನಡೆಯುತ್ತದೆ. ಇಂಗ್ಲೆಂಡಿನ ಗಂಟೆಗಳು ಚಕ್ರಕ್ಕೆ ಕಟ್ಟಿದ್ದು, ಪ್ರತಿ ಎಳೆತಕ್ಕೂ ಪೂರ್ತಿ ಒಂದು ಸುತ್ತು ತಿರುಗುತ್ತವೆ; ಅವುಗಳಲ್ಲಿ ಹಾಡು ಬಾರಿಸುವುದಿಲ್ಲ, ಗಂಟೆಗಳ ಕ್ರಮವನ್ನು ಪ್ರತಿ ಸಲವೂ ಬದಲಿಸುತ್ತ ಹೋಗುತ್ತಾರೆ. ಆರು ಗಂಟೆಗಳಿದ್ದರೆ ಮರುಕಳಿಸದ 720 ಕ್ರಮಗಳು ಸಾಧ್ಯ, ಎಂಟಿದ್ದರೆ 40,320. ಐದು ಸಾವಿರ ಕ್ರಮಗಳನ್ನು ನಿಲ್ಲಿಸದೆ ಬಾರಿಸಲು ಸುಮಾರು ಮೂರು ತಾಸು ಬೇಕಾಗುತ್ತದೆ, ಮತ್ತು ಹಾಗೆ ಬಾರಿಸಿದವರ ಹೆಸರುಗಳನ್ನು ಗೋಪುರದ ಹಲಗೆಗಳಲ್ಲಿ ಬರೆಸಿರುತ್ತಾರೆ. ಮೆಟ್ಟಿಲು ಹತ್ತಿ ನೋಡಬಹುದೇ ಎಂದು ಕೇಳಿದರೆ ಬೇಡವೆನ್ನುವವರು ಕಡಿಮೆ, ಆದರೆ ಅವರಾಗಿ ಹೇಳದೆ ಹಗ್ಗಕ್ಕೆ ಕೈ ಹಚ್ಚಬಾರದು. ಅರ್ಧ ಟನ್ ತೂಗುವ ಗಂಟೆ ಮೇಲೆ ತಲೆಕೆಳಗಾಗಿ ನಿಂತಿದ್ದರೆ ಹಗ್ಗ ಮನುಷ್ಯನನ್ನೇ ಎತ್ತಿಕೊಂಡು ಹೋಗುತ್ತದೆ.

ಇಷ್ಟಾದ ಮೇಲೆ ಮೊದಲಿನ ಪ್ರಶ್ನೆಯನ್ನು ಇಂದಿನವರ ಮುಂದಿಡಿ: ಈಗ ಇದರ ಹೊಣೆ ಯಾರದು? ಸರ್ಕಾರ ಪಾದ್ರಿಗಳಿಗೆ ಸಂಬಳ ಕೊಡುತ್ತದೆಂದು, ಕಟ್ಟಡವನ್ನು ನೋಡಿಕೊಳ್ಳುತ್ತದೆಂದು ಅನೇಕರು ತಿಳಿದಿದ್ದಾರೆ; ಅದು ತಪ್ಪು. 1868ರಲ್ಲಿ ಕಡ್ಡಾಯದ ಚರ್ಚು ತೆರಿಗೆ ರದ್ದಾಯಿತು. ಐದು ವರ್ಷಕ್ಕೊಮ್ಮೆ ವಾಸ್ತುಶಿಲ್ಪಿಯೊಬ್ಬರು ಬಂದು ಪರೀಕ್ಷಿಸಿ ದುರಸ್ತಿಯ ಪಟ್ಟಿ ಕೊಡುತ್ತಾರೆ, ಆ ಹಣವನ್ನು ಹದಿನೈದಿಪ್ಪತ್ತು ಜನ ಕೇಕು ಮಾರಿ, ಹಳೆಯ ಪುಸ್ತಕ ಮಾರಿ, ಬೇಸಿಗೆಯ ಜಾತ್ರೆ ನಡೆಸಿ, ದಾನ ಕೇಳಿ ಕೂಡಿಸುತ್ತಾರೆ. ಚಾವಣಿಯ ಸೀಸದ ತಗಡನ್ನು ಕಳ್ಳರು ಒಂದು ರಾತ್ರಿ ಕಿತ್ತೊಯ್ದರೆ ವರ್ಷಗಳ ದುಡಿಮೆ ಮಳೆನೀರಿನಲ್ಲಿ ಹೋಗುತ್ತದೆ. ಕೆಲವು ಕಡೆ ಚರ್ಚಿನ ಮೂಲೆಯಲ್ಲೇ ಅಂಚೆ ಕಚೇರಿಯನ್ನೂ ಊರಿನ ಅಂಗಡಿಯನ್ನೂ ನಡೆಸುತ್ತಾರೆ. ನೇವ್ ಊರಿನವರದೆಂಬ ಹಳೆಯ ಮಾತು ಹೀಗೆ ಮತ್ತೆ ನಿಜವಾಗುತ್ತಿದೆ. ಜನವೇ ಉಳಿಯದ ಕಡೆ ಚರ್ಚು ಮುಚ್ಚುತ್ತದೆ. 1969ರಲ್ಲಿ ಹುಟ್ಟಿದ ಸಂರಕ್ಷಣಾ ಟ್ರಸ್ಟ್ ಅಂಥ 350ಕ್ಕೂ ಹೆಚ್ಚು ಚರ್ಚುಗಳನ್ನು ನೋಡಿಕೊಳ್ಳುತ್ತಿದೆ. ಚರ್ಚ್‌ವಾರ್ಡನ್‌ಗಳನ್ನು ಆರಿಸುವ ವಾರ್ಷಿಕ ಸಭೆಯಲ್ಲಿ ಪ್ಯಾರಿಷ್‌ನ ಮತದಾರರ ಪಟ್ಟಿಯಲ್ಲಿರುವ ಯಾರು ಬೇಕಾದರೂ, ಅವರ ನಂಬಿಕೆ ಏನೇ ಇರಲಿ, ಮತ ಹಾಕಬಹುದು. ಅಂಥ ಹಳ್ಳಿಯಲ್ಲಿ ನೆಲೆಸಿರುವ ಕನ್ನಡಿಗರು ಒಮ್ಮೆ ಆ ಸಭೆಗೆ ಹೋಗಿ ಕೂರಬೇಕೆಂಬುದು ನನ್ನ ಒತ್ತಾಯದ ಮಾತು.

ಹೊರಡುವಾಗ ಗೋಡೆಯಲ್ಲಿ ಹುದುಗಿಸಿದ ಕಬ್ಬಿಣದ ಪೆಟ್ಟಿಗೆಗೆ ಕೈಲಾದಷ್ಟು ಹಾಕಿ, ಸಂದರ್ಶಕರ ಪುಸ್ತಕದಲ್ಲಿ ಹೆಸರು, ಊರು ಬರೆಯಿರಿ. ಕನ್ನಡದಲ್ಲೇ ಬರೆಯಬಹುದು, ದುರಸ್ತಿಗೆ ಅನುದಾನ ಕೇಳುವಾಗ ಎಷ್ಟು ಜನ ಬಂದರೆಂದು ಆ ಪುಸ್ತಕವನ್ನು ಎಣಿಸುತ್ತಾರೆ. ಮುಖಮಂಟಪಕ್ಕೆ ತಂತಿಬಲೆಯ ಬಾಗಿಲಿದ್ದರೆ ಅದನ್ನು ಎಳೆದು ಚಿಲಕ ಹಾಕಿ. ಬೇಸಿಗೆಯಲ್ಲಿ ಸ್ವಾಲೋ ಹಕ್ಕಿಗಳು ಒಳಗೆ ಸೇರಿಕೊಂಡು, ಹೊರದಾರಿ ಕಾಣದೆ ಬಣ್ಣದ ಗಾಜಿಗೆ ಬಡಿದುಕೊಂಡು ಸಾಯುತ್ತವೆ.